27,000ದಲ್ಲಿ 83: ಫೋಟೋ ಪುಸ್ತಕ ನೋಡುವುದು, ಕೂಡಿಡುವುದು

ಕಳೆದ ವರ್ಷ ಸೀನಿಯರ್ಸ್‌ಗೆ ಬೀಳ್ಕೊಡುಗೆ ಮಾಡುವಾಗ ಒಂದು ಸ್ಲೈಡ್‌ಶೋ ಹಾಕೋಣ ಅಂದುಕೊಂಡೆವು. ರಾಜ್ಯೋತ್ಸವದ ಮೆರವಣಿಗೆ, ನಾಟಕದ ರಿಹರ್ಸಲ್, ಫೆಸ್ಟ್‌ಗೆ ಮುಂಚೆ ರಾತ್ರಿ ಎರಡು ಗಂಟೆಗೆ ಬ್ಯಾನರ್ ಕಟ್ಟಿದ್ದು, ಹೀಗೆ ಮೂರು ವರ್ಷದ ಫೋಟೋಗಳೆಲ್ಲ ಒಂದು ಡ್ರೈವ್ ಲಿಂಕ್‌ನಲ್ಲಿವೆ ಅಂತ ಎಲ್ಲರಿಗೂ ಗೊತ್ತಿತ್ತು. ಲಿಂಕ್ ಒತ್ತಿದರೆ ಫೈಲೇ ಇಲ್ಲ ಅಂತ ಬಂತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆ ಫೋಲ್ಡರ್ ಇದ್ದದ್ದು ಅದಕ್ಕೂ ಹಿಂದಿನ ಬ್ಯಾಚ್‌ನ ಅಣ್ಣ ಒಬ್ಬರ ಕಾಲೇಜ್ ಮೇಲ್ ಐಡಿಯಲ್ಲಿ. ಅವರು ಪಾಸಾಗಿ ಹೋದ ಮೇಲೆ ಐಡಿ ಮುಚ್ಚಿತು, ಅದರ ಜೊತೆಗೆ ಫೋಟೋಗಳೂ ಹೋದವು. ಕೊನೆಗೆ ವಾಟ್ಸಾಪ್ ಗುಂಪುಗಳಲ್ಲಿ ಉಳಿದಿದ್ದ ಮಸುಕು ಮಸುಕಾದ ನಲವತ್ತು ಫೋಟೋ ಹುಡುಕಿ ತೋರಿಸಿದೆವು. ಯಾರೂ ಏನೂ ಅನ್ನಲಿಲ್ಲ. ಆದರೆ ನಮಗೇ ಬೇಜಾರಾಯಿತು.

ಅದೇ ವಾರ ನೋ-ಡ್ಯೂಸ್ ಸಹಿಗೆ ಸೀನಿಯರ್ಸ್ ಜೊತೆ ಲೈಬ್ರರಿಗೆ ಹೋಗಿದ್ದಾಗ, ರೆಫರೆನ್ಸ್ ವಿಭಾಗದ ಕೆಳಗಿನ ಕಪಾಟಿನಲ್ಲಿ ಧೂಳು ಹಿಡಿದ ಒಂದು ದೊಡ್ಡ ಪುಸ್ತಕ ಸಿಕ್ಕಿತು. 'ಎಕ್ಸ್‌ಪ್ಲೋರಿಂಗ್ ಕರ್ನಾಟಕ'. ಫೋಟೋಗಳು ಮೈಸೂರಿನ ಟಿ.ಎಸ್. ಸತ್ಯನ್ ಅವರವು, ಬರಹ ಎಚ್.ವೈ. ಶಾರದಾ ಪ್ರಸಾದ್ ಅವರದು. ನಾವ್ಯಾರೂ ಹುಟ್ಟುವುದಕ್ಕೆ ಮುಂಚೆ ಅಚ್ಚಾದ ಪುಸ್ತಕ. ಅದು ಪಾಸ್‌ವರ್ಡ್ ಕೇಳಲಿಲ್ಲ, ಆಕ್ಸೆಸ್ ರಿಕ್ವೆಸ್ಟ್ ಕೇಳಲಿಲ್ಲ. ತೆರೆದೆವು, ತೆರೆಯಿತು. ನಮ್ಮ ಹುಚ್ಚು ಶುರುವಾದದ್ದು ಅಲ್ಲಿಂದ.

ಆಮೇಲಿನ ಒಂದು ವರ್ಷದಲ್ಲಿ ನೋಡಿದ್ದು, ಓದಿದ್ದು, ಅಲ್ಲಿ ಇಲ್ಲಿ ಕೊಂಡದ್ದು ಎಲ್ಲ ಸೇರಿಸಿ ಈ ಲೇಖನ. ಫೋಟೋ ಪುಸ್ತಕ ಅಂದ್ರೆ ಏನು, ಅದನ್ನು ಹೇಗೆ ನೋಡಬೇಕು, ಜೇಬಿನಲ್ಲಿ ದುಡ್ಡಿಲ್ಲದ ನಮ್ಮಂಥವರು ಅದನ್ನು ಹೇಗೆ ಕೂಡಿಡಬಹುದು ಅನ್ನುವುದನ್ನು ನಮಗೆ ತಿಳಿದ ಮಟ್ಟಿಗೆ ಹೇಳುತ್ತೇವೆ.

ಒಳ್ಳೆಯ ಫೋಟೋಗಳ ಗಂಟು ಸಾಲದು

ಮದುವೆ ಆಲ್ಬಂನಲ್ಲೂ ಫೋಟೋ ಇದೆ, ಡಾಕ್ಟರ ಕ್ಲಿನಿಕ್ಕಿನ ಟೀಪಾಯಿ ಮೇಲಿನ 'ಸುಂದರ ಭಾರತ'ದಲ್ಲೂ ಫೋಟೋ ಇದೆ. ಫೋಟೋ ಪುಸ್ತಕ ಅಂತ ಪ್ರತ್ಯೇಕವಾಗಿ ಕರೆಯುವುದು ಏಕೆ? ಒಂದು ಉದಾಹರಣೆ ನೋಡೋಣ.

ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ರಾಬರ್ಟ್ ಫ್ರಾಂಕ್‌ಗೆ 1955ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕಿತು. ಒಂದು ಹಳೆಯ ಫೋರ್ಡ್ ಕಾರು, ಒಂದು ಲೈಕಾ ಕ್ಯಾಮೆರಾ ಇಟ್ಟುಕೊಂಡು ಅವರು ಆ ವರ್ಷವೂ ಮರುವರ್ಷವೂ ದೇಶವಿಡೀ ಸುತ್ತಿದರು. ತೆಗೆದದ್ದು ಸುಮಾರು 27,000 ಫ್ರೇಮ್. ಅದರಲ್ಲಿ ಸುಮಾರು ಒಂದು ಸಾವಿರ ಫೋಟೋಗಳ ಪ್ರಿಂಟ್ ಹಾಕಿಕೊಂಡು, ಗೋಡೆಗೆ ಅಂಟಿಸಿ, ನೆಲದ ಮೇಲೆ ಹರಡಿ, ತಿಂಗಳುಗಟ್ಟಲೆ ಕೂತು ಆರಿಸಿದರು. ಕೊನೆಗೆ ಪುಸ್ತಕಕ್ಕೆ ಹೋದದ್ದು 83. ಲೆಕ್ಕ ಹಾಕಿ, ಸುಮಾರು 325ಕ್ಕೆ ಒಂದು! 'ದಿ ಅಮೆರಿಕನ್ಸ್' ಅನ್ನುವ ಆ ಪುಸ್ತಕ 1958ರಲ್ಲಿ ಪ್ಯಾರಿಸ್‌ನಲ್ಲಿ, 1959ರಲ್ಲಿ ಅಮೆರಿಕದಲ್ಲಿ ಬಂತು. ಫೋಟೋಗಳು ಮಸುಕು, ವಾಲಿವೆ, ಗ್ರೇನ್ ಜಾಸ್ತಿ ಅಂತ ಆಗಿನ ವಿಮರ್ಶಕರು ಬೈದರು. ಇವತ್ತು ಫೋಟೋಗ್ರಫಿ ಕಲಿಯುವವರಿಗೆಲ್ಲ ಮೊದಲು ತೋರಿಸುವ ಪುಸ್ತಕಗಳಲ್ಲಿ ಅದೂ ಒಂದು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದರ ಮೂರು ಪುಟಗಳು. ಮೊದಲು ಒಂದು ಕಾರು. ಎರಡು ತಾಳೆ ಜಾತಿಯ ಮರಗಳ ನಡುವೆ ನಿಂತಿದೆ, ಮೇಲೆ ಹೊಳೆಯುವ ಬಟ್ಟೆ ಹೊದಿಸಿದ್ದಾರೆ. ಮನೆಯವರು ಪ್ರೀತಿಯಿಂದ ಇಟ್ಟುಕೊಂಡ ಕಾರು ಇರಬೇಕು ಅನ್ನಿಸುತ್ತೆ. ಪುಟ ತಿರುಗಿಸಿದರೆ ಹೆದ್ದಾರಿ ಬದಿ, ಹಿಮ ಬೀಳುತ್ತಿದೆ, ನಾಲ್ಕು ಜನ ಸುಮ್ಮನೆ ನಿಂತಿದ್ದಾರೆ, ನೆಲದ ಮೇಲೆ ಕಂಬಳಿ ಹೊದಿಸಿದ್ದಾರೆ. ಅಪಘಾತ. ಕಂಬಳಿ ಕೆಳಗೆ ಏನಿದೆ ಅಂತ ಹೇಳಬೇಕಿಲ್ಲ. ಮತ್ತೆ ಪುಟ ತಿರುಗಿಸಿದರೆ ಖಾಲಿ ರಸ್ತೆ, ಕಣ್ಣು ಹಾಯುವಷ್ಟು ದೂರ ನೇರವಾಗಿ ಹೋಗುತ್ತದೆ.

ಕಾರಿನ ಫೋಟೋವನ್ನು ಒಂದೇ ನೋಡಿದರೆ ಅದು ಬರೀ ಕಾರು. ಮುಂದಿನ ಪುಟದ ಕಂಬಳಿ ನೋಡಿದ ಮೇಲೆ ಹಿಂದಿನ ಪುಟದ ಹೊದಿಕೆಯೇ ಬೇರೆಯಾಗಿ ಕಾಣತೊಡಗುತ್ತದೆ. ರಸ್ತೆಯ ಫೋಟೋ ಇನ್‌ಸ್ಟಾದಲ್ಲಿ ಬಂದಿದ್ದರೆ ಲೈಕ್ ಒತ್ತಿ ಮುಂದೆ ಹೋಗುತ್ತಿದ್ದೆವು. ಇಲ್ಲಿ ಅದನ್ನು ನೋಡುವಾಗ ಎದೆಯಲ್ಲಿ ಏನೋ ಒತ್ತಿದ ಹಾಗಾಗುತ್ತೆ. ಮೂರು ಫೋಟೋ ಸೇರಿ ಹೇಳಿದ ಮಾತನ್ನು ಯಾವ ಒಂದು ಫೋಟೋವೂ ಹೇಳಿಲ್ಲ. ನಾವು ಕಲಿತ ಮುಖ್ಯ ಪಾಠ ಇದೇ: ಫೋಟೋ ಪುಸ್ತಕದಲ್ಲಿ ಅರ್ಥ ಹುಟ್ಟುವುದು ಒಂದು ಫೋಟೋದಿಂದ ಇನ್ನೊಂದಕ್ಕೆ ಹೋಗುವ ಜಾಗದಲ್ಲಿ. ಆ ಕ್ರಮವನ್ನು ಒಬ್ಬರು ಯೋಚಿಸಿ ಇಟ್ಟಿರುತ್ತಾರೆ, ಯಾವ ಆಲ್ಗರಿದಮ್ಮೂ ಅದನ್ನು ನಮಗೋಸ್ಕರ ದಿನಕ್ಕೊಂದು ಥರ ಬದಲಿಸುವುದಿಲ್ಲ.

ಬ್ಲೂಪ್ರಿಂಟ್‌ನ ಅಜ್ಜಿ

ಇಂಜಿನಿಯರಿಂಗ್‌ನವರಿಗೆ ಖುಷಿ ಕೊಡುವ ಒಂದು ವಿಷಯ ಇದೆ. ಫೋಟೋಗಳಿಂದ ಮಾಡಿದ ಮೊಟ್ಟಮೊದಲ ಪುಸ್ತಕ ಅಂತ ಸಾಮಾನ್ಯವಾಗಿ ಹೆಸರಿಸುವುದು ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಆ್ಯನಾ ಅಟ್ಕಿನ್ಸ್ ಮಾಡಿದ ಪುಸ್ತಕವನ್ನು. 1843ರಿಂದ ಸುಮಾರು ಹತ್ತು ವರ್ಷ ಅದು ಕಂತು ಕಂತಾಗಿ ಬಂತು. ವಿಷಯ ಬ್ರಿಟನ್ನಿನ ಪಾಚಿಗಳು. ಕ್ಯಾಮೆರಾ ಬಳಸಲೇ ಇಲ್ಲ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಬೆರೆಸಿ ಸವರಿದ ಕಾಗದದ ಮೇಲೆ ಪಾಚಿ ಇಟ್ಟು ಬಿಸಿಲಿಗೆ ಹಿಡಿದರು. ಬಿಸಿಲು ಬಿದ್ದ ಕಡೆ ಕಡುನೀಲಿ, ಪಾಚಿಯ ನೆರಳು ಬಿದ್ದ ಕಡೆ ಬಿಳಿ. ನೀರಲ್ಲಿ ತೊಳೆದರೆ ಮುಗಿಯಿತು. ಇದು ಸಯನೋಟೈಪ್, ಜಾನ್ ಹರ್ಷಲ್ 1842ರಲ್ಲಿ ಕಂಡುಹಿಡಿದದ್ದು. ಮುಂದೆ ಇದೇ ರಸಾಯನ ವಿದ್ಯೆಯಿಂದ ಇಂಜಿನಿಯರುಗಳು ನಕ್ಷೆಗಳ ಪ್ರತಿ ತೆಗೆಯತೊಡಗಿದರು. ನಾವು ಇವತ್ತಿಗೂ ಬಾಯಿತುಂಬ ಹೇಳುವ 'ಬ್ಲೂಪ್ರಿಂಟ್' ಅದೇ! ಬೇಕಾದರೆ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಮೇಡಂ ಅನುಮತಿ ಕೇಳಿ ಒಂದು ಬೇವಿನ ಎಲೆ ಇಟ್ಟು ಮಾಡಿ ನೋಡಿ.

ಮರುವರ್ಷ, 1844ರಿಂದ 1846ರವರೆಗೆ, ಫಾಕ್ಸ್ ಟಾಲ್‌ಬಾಟ್ 'ದಿ ಪೆನ್ಸಿಲ್ ಆಫ್ ನೇಚರ್' ಅನ್ನುವ ಪುಸ್ತಕವನ್ನು ಆರು ಕಂತುಗಳಲ್ಲಿ ತಂದರು. 24 ಫೋಟೋ. ಕಾಗದದ ಮೇಲೆ ಫೋಟೋ ಅಚ್ಚು ಹಾಕುವ ಯಂತ್ರ ಆಗ ಇರಲಿಲ್ಲ, ಹಾಗಾಗಿ ಪ್ರತಿಯೊಂದು ಪ್ರತಿಗೂ ಪ್ರಿಂಟ್ ಹಾಕಿ, ಕೈಯಲ್ಲಿ ಅಂಟಿಸಿದರು.

ಇದೇ ಅಂಟಿಸುವ ಕಾಲದ ಒಂದು ಪುಸ್ತಕ ನಮ್ಮ ನಾಡಿನದೂ ಇದೆ. 1866ರಲ್ಲಿ ಲಂಡನ್‌ನಲ್ಲಿ ಹೊರಬಂದ 'ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್'. ಪಿಗೂ, ನೀಲ್, ಬಿಗ್ಸ್ ಅನ್ನುವ ಮೂವರು ತೆಗೆದ ಫೋಟೋಗಳು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಬರೆದ ಟಿಪ್ಪಣಿಗಳು. ಸ್ಟಡಿ ಟೂರ್‌ಗೆ ಹೋಗಿ ನಾವು ಸೆಲ್ಫಿ ತೆಗೆದುಕೊಂಡ ಹಳೇಬೀಡು ಅದರಲ್ಲಿ ಇದೆ, ದುರಸ್ತಿ, ಹುಲ್ಲುಹಾಸು, ಟಿಕೆಟ್ ಕೌಂಟರ್ ಯಾವುದೂ ಬರುವುದಕ್ಕೆ ಮುಂಚಿನ ಹಳೇಬೀಡು.

ಇನ್ನೂ ಹತ್ತು ವರ್ಷ ಹಿಂದೆ, 1856ರಲ್ಲಿ, ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಈಗ ನಿಮ್ಮ ಜೇಬಿನಿಂದ 50 ರೂಪಾಯಿಯ ಹೊಸ ನೋಟು ತೆಗೆದು ಹಿಂಬದಿ ನೋಡಿ. ಕಲ್ಲಿನ ರಥದ ತಲೆ ಚಪ್ಪಟೆ. ಗ್ರೀನ್‌ಲಾ ಫೋಟೋದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ! ಆಮೇಲೆ ಅದು ಹೋಯಿತು. ಆ ಕಾಗದದ ನೆಗೆಟಿವ್‌ಗಳು ಉಳಿದದ್ದರಿಂದ ಶಿಖರ ಹೇಗಿತ್ತು ಅಂತ ನಾವು ಇಂದು ಕಣ್ಣಾರೆ ನೋಡಬಹುದು. ನಮ್ಮ ಡ್ರೈವ್ ಲಿಂಕ್ ನೆನಪಾಗಿ ಹೊಟ್ಟೆ ಉರಿದದ್ದು ಸುಳ್ಳಲ್ಲ.

ಅಚ್ಚಿನ ಒಳಗೆ ಏನಿದೆ?

ಅಗ್ಗದ ಭೂತಗನ್ನಡಿಯೊಂದನ್ನು ತೆಗೆದುಕೊಂಡು ಅಚ್ಚಾದ ಯಾವುದಾದರೂ ಫೋಟೋ ನೋಡಿ. ಬಣ್ಣ ಮಾಯವಾಗಿ ಬರೀ ಚುಕ್ಕೆಗಳು ಕಾಣುತ್ತವೆ. ಆಫ್‌ಸೆಟ್ ಯಂತ್ರಕ್ಕೆ 'ಬೂದು' ಅನ್ನುವುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ, ಶಾಯಿ ಇದೆ ಅಥವಾ ಇಲ್ಲ. ಪಕ್ಕಾ ಬೈನರಿ. ಹಾಗಾಗಿ ಕಪ್ಪು ಬೇಕಾದ ಕಡೆ ದೊಡ್ಡ ಚುಕ್ಕೆ, ತಿಳಿ ಬೇಕಾದ ಕಡೆ ಚಿಕ್ಕ ಚುಕ್ಕೆ ಇಟ್ಟು ನಮ್ಮ ಕಣ್ಣಿಗೆ ಮೋಸ ಮಾಡುತ್ತದೆ. ಇದನ್ನು ಹಾಫ್‌ಟೋನ್ ಅನ್ನುತ್ತಾರೆ. ಬಣ್ಣದ ಫೋಟೋ ಆದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಅಂತ ನಾಲ್ಕು ಚುಕ್ಕೆ ಜಾಲಗಳು. ನಾಲ್ಕನ್ನೂ ಒಂದೇ ಕೋನದಲ್ಲಿ ಇಟ್ಟರೆ ಒಂದರ ಮೇಲೊಂದು ಬಿದ್ದು ಅಲೆ ಅಲೆಯಾಗಿ ಬೇಡದ ವಿನ್ಯಾಸ ಮೂಡುತ್ತದೆ, ಅದಕ್ಕೇ ಒಂದೊಂದನ್ನು ಒಂದೊಂದು ಕೋನಕ್ಕೆ ತಿರುಗಿಸಿರುತ್ತಾರೆ.

ಸಾಮಾನ್ಯವಾಗಿ ಒಳ್ಳೆಯ ಪುಸ್ತಕದಲ್ಲಿ ಇಂಚಿಗೆ 150 ಅಥವಾ ಅದಕ್ಕಿಂತ ಹೆಚ್ಚು ಸಾಲು ಚುಕ್ಕೆಗಳಿರುತ್ತವೆ. ಅದಕ್ಕೆ ಸಾಲುಗಳ ಎರಡರಷ್ಟು, ಅಂದ್ರೆ ಇಂಚಿಗೆ 300 ಪಿಕ್ಸೆಲ್ ಕೊಡಿ ಅನ್ನುವುದು ಪ್ರೆಸ್‌ನವರ ಲೆಕ್ಕ. ಸಿಗ್ನಲ್ಸ್ ಪೇಪರ್ ಬರೆದವರಿಗೆ ಈ 'ಎರಡರಷ್ಟು' ಎಲ್ಲೋ ಕೇಳಿದ ಹಾಗಿದೆ ಅನ್ನಿಸಬಹುದು. 1600 ಪಿಕ್ಸೆಲ್ ಅಗಲಕ್ಕೆ ಕುಗ್ಗಿದ ಫಾರ್ವರ್ಡ್ ಫೋಟೋವನ್ನು 300ರಿಂದ ಭಾಗಿಸಿದರೆ ಐದು ಕಾಲು ಇಂಚು ಚಿಲ್ಲರೆ. ಅದಕ್ಕಿಂತ ದೊಡ್ಡದಾಗಿ ಅಚ್ಚು ಹಾಕಿದರೆ ಮುಖ ಮುದ್ದೆಯಾಗುತ್ತೆ. ನಮ್ಮ ಆ ನಲವತ್ತು ಫೋಟೋಗಳ ಗತಿಯೂ ಇದೇ.

ಕಪ್ಪು-ಬಿಳುಪು ಪುಸ್ತಕಗಳಲ್ಲಿ ಇನ್ನೊಂದು ಗುಟ್ಟಿದೆ. ಒಂದೇ ಕಪ್ಪು ಶಾಯಿಯಲ್ಲಿ ಹೊಡೆದರೆ ಫೋಟೋ ಸಪ್ಪೆ. ಒಳ್ಳೆಯ ಪ್ರಕಾಶಕರು ಕಪ್ಪಿನ ಜೊತೆ ಬೂದು ಶಾಯಿಯನ್ನೂ ಸೇರಿಸಿ ಎರಡು ಸಲ ಅಚ್ಚು ಹಾಕಿಸುತ್ತಾರೆ. ಇದು ಡ್ಯುಯೊಟೋನ್. ಕತ್ತಲೆಯ ಭಾಗದಲ್ಲೂ ವಿವರ ಕಾಣುವುದು ಅದರಿಂದ. ಕಾಗದವೂ ಅಷ್ಟೇ ಮುಖ್ಯ. ನುಣುಪು ಲೇಪ ಇರುವ ಕಾಗದದಲ್ಲಿ ಚುಕ್ಕೆ ಚೂಪಾಗಿ ನಿಲ್ಲುತ್ತೆ, ಲೇಪ ಇಲ್ಲದ ಕಾಗದ ಶಾಯಿ ಕುಡಿದು ಚುಕ್ಕೆ ಹರಡುತ್ತೆ, ಚಿತ್ರ ಮೆತ್ತಗಾಗುತ್ತೆ. ಮೆತ್ತಗಿರಲಿ ಅಂತಲೇ ಅದನ್ನು ಆರಿಸುವವರೂ ಇದ್ದಾರೆ. ಇಷ್ಟೆಲ್ಲ ಆಯ್ಕೆಗಳು ಇರುವುದರಿಂದಲೇ ಒಂದೇ ಫೋಟೋ ಪರದೆಯ ಮೇಲೆ ಒಂದು, ಪುಸ್ತಕದಲ್ಲಿ ಇನ್ನೊಂದು.

ಬೈಂಡಿಂಗ್ ನೋಡಲು ಪುಸ್ತಕದ ಬೆನ್ನನ್ನು ಮೇಲಿನಿಂದ ನೋಡಿ. ಹಾಳೆಗಳು ಸಣ್ಣ ಸಣ್ಣ ಕಂತೆಗಳಾಗಿ ಮಡಚಿ ಹೊಲಿದಿದ್ದರೆ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುತ್ತೆ, ಬಾಳಿಕೆಯೂ ಹೆಚ್ಚು. ಬರೀ ಅಂಟು ಹಚ್ಚಿದ್ದರೆ ಎರಡು ಪುಟಕ್ಕೆ ಹರಡಿದ ಫೋಟೋದ ಮಧ್ಯಭಾಗ ಸಂದಿಯಲ್ಲಿ ನುಂಗಿಹೋಗುತ್ತೆ, ಒತ್ತಿ ಬಿಚ್ಚಿದರೆ ಹಾಳೆ ಕೈಗೆ ಬರುತ್ತೆ.

ನೋಡುವುದು ಹೇಗೆ?

ನಾವು ಅನುಸರಿಸುವ ಕ್ರಮ ಹೇಳುತ್ತೇವೆ. ಇದೇ ಸರಿ ಅಂತಲ್ಲ, ನಮಗೆ ಕೆಲಸ ಮಾಡಿದೆ ಅಷ್ಟೇ.

ಒಬ್ಬರೇ ಕೂತು ಮೊದಲ ಸಲ ಮೊದಲಿನಿಂದ ಕೊನೆವರೆಗೆ ನಿಲ್ಲಿಸದೆ ನೋಡಿ. ಅಡಿಬರಹ ಓದಬೇಡಿ, ಮುನ್ನುಡಿ ಓದಬೇಡಿ. ಹತ್ತು ನಿಮಿಷ ಸಾಕು. ಮುಚ್ಚಿಟ್ಟ ಮೇಲೆ ಯಾವ ಐದು ಫೋಟೋ ನೆನಪಿವೆ ಅಂತ ಬರೆದುಕೊಳ್ಳಿ.

ಎರಡನೇ ಸಲ ನಿಧಾನ. ಈ ಫೋಟೋ ಆದ ಮೇಲೆ ಅದು ಯಾಕೆ ಬಂತು ಅಂತ ಕೇಳಿಕೊಳ್ಳಿ. ಕೆಲವೊಮ್ಮೆ ಕೈಯ ಭಂಗಿ ಮುಂದಿನ ಪುಟದಲ್ಲಿ ಕೊಂಬೆಯಾಗಿರುತ್ತೆ, ಕೆಲವೊಮ್ಮೆ ಗದ್ದಲದ ನಂತರ ಖಾಲಿ ಕೋಣೆ. ಖಾಲಿ ಬಿಟ್ಟ ಪುಟಗಳನ್ನೂ ಗಮನಿಸಿ. ಒಂದು ಫೋಟೋದ ಮೇಲೆ ಕೈ ಮುಚ್ಚಿ, ಅದು ಇಲ್ಲದಿದ್ದರೆ ಏನು ಕಡಿಮೆಯಾಗುತ್ತಿತ್ತು ಅಂತ ನೋಡಿ. ಏನೂ ಆಗುವುದಿಲ್ಲ ಅನ್ನುವಂಥ ಫೋಟೋಗಳೇ ತುಂಬಿದ್ದರೆ ಅದು ಬರೀ ಫೋಟೋಗಳ ಗಂಟು.

ಮೂರನೇ ಸಲ ಅಡಿಬರಹ, ಮುನ್ನುಡಿ ಎಲ್ಲ ಓದಿ. ಆಮೇಲೆ ಗೆಳೆಯರ ಜೊತೆ ಕೂತು ಐದು ಫೋಟೋಗಳ ಪಟ್ಟಿ ಹೋಲಿಸಿ. ಇಬ್ಬರ ಪಟ್ಟಿ ಒಂದೇ ಆದದ್ದನ್ನು ನಾವು ಈವರೆಗೆ ನೋಡಿಲ್ಲ.

ಪುಸ್ತಕವೇ ಪ್ರದರ್ಶನವಾಗುವುದನ್ನು ನೋಡಬೇಕಾದರೆ ದಯಾನಿತಾ ಸಿಂಗ್ ಅವರ 'ಮ್ಯೂಸಿಯಂ ಭವನ್' (2017) ಬಗ್ಗೆ ತಿಳಿದುಕೊಳ್ಳಿ. ಒಂದು ಪೆಟ್ಟಿಗೆಯಲ್ಲಿ ಹಾರ್ಮೋನಿಯಂ ತಿದಿಯ ಹಾಗೆ ಮಡಚಿದ ಒಂಬತ್ತು ಪುಟ್ಟ ಪುಸ್ತಕಗಳು. ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದರೆ ನಿಮ್ಮ ಹಾಸ್ಟೆಲ್ ರೂಮೇ ಮ್ಯೂಸಿಯಂ. ಆ ವರ್ಷ ಪ್ಯಾರಿಸ್ ಫೋಟೋ ಮತ್ತು ಅಪರ್ಚರ್ ಸಂಸ್ಥೆ ಕೊಡುವ ವರ್ಷದ ಫೋಟೋ ಪುಸ್ತಕ ಪ್ರಶಸ್ತಿ ಅದಕ್ಕೆ ಸಿಕ್ಕಿತು.

ದುಡ್ಡಿಲ್ಲದೆ ಕೂಡಿಡುವುದು

ಬ್ರಿಟನ್ನಿನ ಛಾಯಾಗ್ರಾಹಕ ಮಾರ್ಟಿನ್ ಪಾರ್ 12,000 ಫೋಟೋ ಪುಸ್ತಕ ಕೂಡಿಟ್ಟಿದ್ದರು. 2017ರಲ್ಲಿ ಅವೆಲ್ಲ ಲಂಡನ್ನಿನ ಟೇಟ್ ಸಂಗ್ರಹಾಲಯದ ಪಾಲಾದವು. ನಮ್ಮ ಮೆಸ್ ಬಿಲ್ಲಿಗೇ ತತ್ವಾರ ಇರುವಾಗ ನಾವು ಅಷ್ಟೆಲ್ಲ ಹೋಗಬೇಕಿಲ್ಲ. ಐದು ಪುಸ್ತಕವೂ ಸಂಗ್ರಹವೇ, ಅವುಗಳ ನಡುವೆ ಒಂದು ದಾರ ಇದ್ದರೆ.

ಮೊದಲು ದಾರ ಆರಿಸಿ. ನಿಮ್ಮ ಊರು, ಹಕ್ಕಿಗಳು, ಸೇತುವೆಗಳು, ರೈಲು, ಏನಾದರೂ ಸರಿ. ಕನ್ನಡದ ದಾರ ಬೇಕೆಂದರೆ ಪೂರ್ಣಚಂದ್ರ ತೇಜಸ್ವಿಯವರ 'ಮಾಯೆಯ ಮುಖಗಳು' ಇದೆ. ಅವರ ಕಾದಂಬರಿ ಓದಿದವರು ಅವರ ಕ್ಯಾಮೆರಾ ಕಣ್ಣನ್ನೂ ನೋಡಬೇಕು. ಸಂಡೂರಿನ ಎಂ.ವೈ. ಘೋರ್ಪಡೆಯವರ ಕಾಡಿನ ಚಿತ್ರಗಳ 'ಸನ್‌ಲೈಟ್ ಅಂಡ್ ಶ್ಯಾಡೋಸ್' (1983) ಇದೆ. ಸತ್ಯನ್ ಅವರ ಆತ್ಮಕಥೆ 'ಕಾಲಕ್ಕೆ ಕನ್ನಡಿ' ಓದಿಕೊಂಡು ಅವರ ಫೋಟೋಗಳಿಗೆ ಹೋದರೆ ಇನ್ನೂ ಚೆನ್ನ.

ಕೊಳ್ಳುವ ಮುಂಚೆ ಲೈಬ್ರರಿಯಲ್ಲಿ ಹುಡುಕಿ. ಆರ್ಕಿಟೆಕ್ಚರ್ ವಿಭಾಗದ ಕಪಾಟು, ಜಿಲ್ಲಾ ಗ್ರಂಥಾಲಯ, ಪರಿಚಯದ ಮೇಷ್ಟ್ರ ಮನೆ, ಎಲ್ಲ ಕಡೆ ಯಾರೂ ಮುಟ್ಟದ ಪುಸ್ತಕಗಳಿವೆ. ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಲ್ಲಿ ಅರ್ಧ ದಿನ ಇಟ್ಟುಕೊಳ್ಳಿ. ದೊಡ್ಡ ಗಾತ್ರದ ಪುಸ್ತಕಗಳು ಹೆಚ್ಚಾಗಿ ಕೆಳಗಿನ ಸಾಲಿನಲ್ಲಿರುತ್ತವೆ, ಕುಕ್ಕರಗಾಲಲ್ಲಿ ಕೂರಲು ಸಿದ್ಧರಿರಿ.

ಹಳೇ ಪುಸ್ತಕ ಕೈಗೆ ಬಂದರೆ ಮೂರು ಪರೀಕ್ಷೆ. ಒಂದು, ಎಲ್ಲ ಪುಟ ತಿರುಗಿಸಿ. ಫ್ರೇಮ್ ಹಾಕಿಸಲು ಯಾರೋ ಬ್ಲೇಡಿನಲ್ಲಿ ಪುಟ ಕತ್ತರಿಸಿರುವುದು ಇರುತ್ತೆ. ಎರಡು, ಮೂಸಿ ನೋಡಿ. ಮುಗ್ಗಲು ವಾಸನೆ ಇದ್ದರೆ ಬೂಸ್ಟು ಹಿಡಿದಿದೆ, ಮನೆಯ ಬೇರೆ ಪುಸ್ತಕಗಳಿಗೂ ಹಬ್ಬುತ್ತೆ. ಮೂರು, ನುಣುಪು ಕಾಗದದ ಪುಟಗಳು ಅಂಟಿಕೊಂಡಿವೆಯೇ ನೋಡಿ. ಒಮ್ಮೆ ನೀರು ಕುಡಿದು ಒಣಗಿದ ಲೇಪದ ಕಾಗದ ಬಿಡಿಸಿಕೊಳ್ಳುವುದಿಲ್ಲ, ಚಿತ್ರವೇ ಕಿತ್ತು ಬರುತ್ತೆ.

ಮೊದಲ ಮುದ್ರಣವೇ ಬೇಕು ಅನ್ನುವ ಹಟ ಬೇಡ. ಪ್ರಕಾಶಕರ ವಿವರದ ಪುಟದಲ್ಲಿ ಕೆಲವೊಮ್ಮೆ 1ರಿಂದ 10ರವರೆಗೆ ಅಂಕಿಗಳ ಸಾಲು ಇರುತ್ತೆ. ಅದರಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿ ಎಷ್ಟನೇ ಮುದ್ರಣ ಅನ್ನುವುದನ್ನು ಹೇಳುತ್ತೆ. ವ್ಯಾಪಾರಿಗಳಿಗೆ ಅದು ದೊಡ್ಡ ವಿಷಯ. ನೋಡುವವರಿಗೆ ಮರುಮುದ್ರಣವೇ ಸಾಕು. ಹೊಸದಾಗಿ ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ಮರುಮುದ್ರಣ ಹಳೆಯದಕ್ಕಿಂತ ಚೆನ್ನಾಗಿ ಬಂದಿರುವುದೂ ಉಂಟು. ಕಾರ್ತಿಯೇ-ಬ್ರೆಸ್ಸೋನ್ ಅವರ 1952ರ 'ದಿ ಡಿಸೈಸಿವ್ ಮೊಮೆಂಟ್' ದಶಕಗಳ ಕಾಲ ಸಂಗ್ರಾಹಕರ ಬೀರುವಿನಲ್ಲೇ ಇತ್ತು. 2014ರಲ್ಲಿ ಅದರ ತದ್ರೂಪು ಮುದ್ರಣ ಬಂದ ಮೇಲೆ ಸಾಮಾನ್ಯ ಓದುಗರೂ ಅದನ್ನು ಮೂಲದ ಗಾತ್ರದಲ್ಲೇ ನೋಡುವಂತಾಯಿತು.

ತಂದ ಮೇಲೆ ಜೋಪಾನ. ದೊಡ್ಡ ಭಾರದ ಪುಸ್ತಕವನ್ನು ನಿಲ್ಲಿಸದೆ ಮಲಗಿಸಿಡಿ, ನಿಲ್ಲಿಸಿದರೆ ಹಾಳೆಗಳ ಭಾರಕ್ಕೆ ಬೈಂಡು ಜೋಲುತ್ತೆ. ಕಿಟಕಿ ಬಿಸಿಲು ತಾಗದಿರಲಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಗೋಡೆಗೆ ಒತ್ತಿ ಇಡಬೇಡಿ, ತಿಂಗಳಿಗೊಮ್ಮೆ ತೆಗೆದು ಗಾಳಿಯಾಡಿಸಿ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯಬೇಡಿ, ಕಪಾಟಿಗೆ ಹಾಕಿ. ಎಲ್ಲಕ್ಕಿಂತ ಒಳ್ಳೆಯ ಔಷಧಿ ಆಗಾಗ ತೆರೆದು ನೋಡುವುದು. ಹುಳು ಹಿಡಿಯುವುದು ಯಾರೂ ತೆರೆಯದ ಪುಸ್ತಕಕ್ಕೇ ಹೆಚ್ಚು.

ಕೊನೆಗೆ, ನಮ್ಮದೂ ಒಂದು

ಇಷ್ಟು ಪುಸ್ತಕ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಈ ವರ್ಷ ಸಂಘದಿಂದ 32 ಪುಟದ ಒಂದು ಫೋಟೋ ಪುಸ್ತಕ ಮಾಡುತ್ತಿದ್ದೇವೆ. 32 ಯಾಕೆ? ಒಂದು ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ ಎಂಟು ಎಲೆ, 16 ಪುಟ. ಪ್ರೆಸ್‌ನವರು ಇದನ್ನು ಒಂದು ಫಾರಂ ಅನ್ನುತ್ತಾರೆ. ನಮ್ಮದು ಎರಡು ಫಾರಂ. ಸೆಂಟರ್ ಪಿನ್ ಹೊಡೆಸಿದರೆ ಖರ್ಚೂ ಕಡಿಮೆ. 30 ಪುಟ ಮಾಡಿಕೊಡಿ ಅಂತ ಕೇಳಿದ್ದಕ್ಕೆ ಪ್ರೆಸ್‌ನ ಯಜಮಾನರು ನಕ್ಕು, "ನಾಲ್ಕರಿಂದ ಭಾಗ ಹೋಗ್ಬೇಕಪ್ಪಾ, ಇಂಜಿನಿಯರಿಂಗ್ ಅಂತೀರಿ" ಅಂದರು.

ಪ್ರತಿ ಫೋಟೋಕ್ಕೂ ಯಾರು, ಎಲ್ಲಿ, ಯಾವತ್ತು ಅಂತ ಕೊನೆಯ ಪುಟದಲ್ಲಿ ಹಾಕುತ್ತೇವೆ. ಇವತ್ತು ಎಲ್ಲರ ಹೆಸರೂ ಗೊತ್ತು, ಇಪ್ಪತ್ತು ವರ್ಷ ಆದ ಮೇಲೆ ಗೊತ್ತಿರುವುದಿಲ್ಲ. ಮಾಸಿದ ಆ ನಲವತ್ತರಲ್ಲಿ ಮೂರನ್ನು ಚಿಕ್ಕದಾಗಿ, ಐದು ಇಂಚು ಮೀರದ ಹಾಗೆ ಸೇರಿಸಿದ್ದೇವೆ, ಹೋದ ಬ್ಯಾಚ್‌ನವರಿಗೋಸ್ಕರ. ಒಂದು ಪ್ರತಿಯನ್ನು ಲೈಬ್ರರಿಗೆ ಕೊಟ್ಟು, ನಂಬರ್ ಹಾಕಿಸಿ, ಸತ್ಯನ್ ಅವರ ಪುಸ್ತಕ ಇರುವ ಅದೇ ಕೆಳಗಿನ ಕಪಾಟಿನಲ್ಲಿ ಇಡಿಸುವುದು ಅಂತ ಮಾತಾಗಿದೆ.

ಈಗ ಉಳಿದಿರುವ ಕೆಲಸ, ಸುಮಾರು 1,900 ಫೋಟೋಗಳಲ್ಲಿ ಇನ್ನು 25 ಆರಿಸಿ ಸಾಲಾಗಿ ಜೋಡಿಸುವುದು. ಪ್ರಿಂಟ್‌ಗಳನ್ನು ಸೆಮಿನಾರ್ ಹಾಲ್ ನೆಲದ ಮೇಲೆ ಹರಡಿದ್ದೇವೆ, ಜಗಳ ಮೂರನೇ ವಾರಕ್ಕೆ ಕಾಲಿಟ್ಟಿದೆ. ಶುಕ್ರವಾರ ಲ್ಯಾಬ್ ಮುಗಿಸಿಕೊಂಡು ಬನ್ನಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ.